ಹಸಿದರೆ ತಾನೇ ತಿನ್ನುತ್ತದೆ ಎನ್ನಬೇಡಿ

ಬೆಕ್ಕು ಹೊಸ ಆಹಾರ ಮುಟ್ಟುತ್ತಿಲ್ಲ ಎಂದರೆ ಸಾಕು, ‘ಎರಡು ದಿನ ಉಪವಾಸ ಕೆಡವಿ, ಹಸಿದರೆ ತಾನೇ ತಿನ್ನುತ್ತದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಊಟ ಬಿಟ್ಟ ಬೆಕ್ಕಿನ ದೇಹ ತನ್ನ ಕೊಬ್ಬನ್ನೇ ಕರಗಿಸಿ ಯಕೃತ್ತಿಗೆ ಸುರಿಯುತ್ತದೆ. ಅಷ್ಟು ಕೊಬ್ಬನ್ನು ನಿಭಾಯಿಸಲಾರದೆ ಯಕೃತ್ತು ಸೋಲುತ್ತದೆ. ಅದಕ್ಕೆ ಕೆಲವೇ ದಿನಗಳ ಉಪವಾಸ ಸಾಕು. ಮೈ ತುಂಬಿಕೊಂಡ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು.

ನನ್ನ ಚಿನ್ನಿಗೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡಾಗ ವೈದ್ಯರು ಆಹಾರ ಬದಲಿಸಲು ಹೇಳಿದರು. ಹತ್ತು ವರ್ಷ ಒಂದೇ ಬಗೆಯ ಒಣ ಆಹಾರ ತಿಂದವಳು ಅವಳು. ನಾನು ಆತುರಪಟ್ಟೆ. ಅವಳಿಗೆ ವಾಕರಿಕೆ ಇದ್ದಾಗಲೇ ಹೊಸದನ್ನು ಮುಂದಿಟ್ಟೆ, ಸಾಲದ್ದಕ್ಕೆ ಮಾತ್ರೆಯನ್ನೂ ಅದರೊಳಗೆ ಬಚ್ಚಿಟ್ಟೆ. ಆಮೇಲೆ ಆ ವಾಸನೆ ಬಂದರೆ ಸಾಕು, ಅವಳು ಎದ್ದು ಹೋಗುತ್ತಿದ್ದಳು. ಹೊಟ್ಟೆ ಕೆಟ್ಟಾಗ ತಿಂದದ್ದನ್ನು ಬೆಕ್ಕು ಮರೆಯುವುದಿಲ್ಲ. ಅದನ್ನು ಸೊಕ್ಕು ಎನ್ನುವವರನ್ನು ನಾನು ಒಪ್ಪುವುದಿಲ್ಲ, ಅದು ಭಯ.

ವಾಕರಿಕೆ ನಿಂತ ಮೇಲೆ ಮೊದಲಿನಿಂದ ಶುರುಮಾಡಿದೆ. ಹಳೆಯ ಆಹಾರದ ಬಟ್ಟಲು ಎಂದಿನ ಜಾಗದಲ್ಲೇ ಇತ್ತು. ಪಕ್ಕದಲ್ಲಿ ಇನ್ನೊಂದು ಅಗಲವಾದ ತಟ್ಟೆ, ಅದರಲ್ಲಿ ಒಂದೇ ಚಮಚ ಹೊಸದು. ತಿನ್ನಲಿ, ಬಿಡಲಿ, ಮೂಸಿದರೆ ಸಾಕು ಎಂದುಕೊಂಡೆ. ಬೆಕ್ಕು ಊಟವನ್ನು ಆರಿಸುವುದೇ ಹೆಚ್ಚಾಗಿ ಮೂಗಿನಿಂದ. ಸಿಹಿಯ ರುಚಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ. ಹಾಗಾಗಿ ಫ್ರಿಜ್‌ನಿಂದ ತೆಗೆದ ತಣ್ಣನೆಯ ಆಹಾರವನ್ನು ಎಂದೂ ಹಾಗೆಯೇ ಇಡಲಿಲ್ಲ. ಮೈ ಬಿಸಿಯಷ್ಟು, ಎಂದರೆ ಸುಮಾರು 38 ಡಿಗ್ರಿಯಷ್ಟು ಬೆಚ್ಚಗೆ ಮಾಡಿ ಕೊಟ್ಟೆ. ವಾಸನೆ ಏಳುತ್ತಿದ್ದಂತೆ ಅವಳ ಮೀಸೆ ಮುಂದೆ ಬರುತ್ತಿತ್ತು. ನನ್ನ ಆ ದಿನಗಳ ಸಂತೋಷವೆಲ್ಲ ಅಷ್ಟರಲ್ಲೇ ಇತ್ತು.

ಪೊಟ್ಟಣದ ಮೇಲೆ ಏಳರಿಂದ ಹತ್ತು ದಿನ ಎಂದು ಬರೆದಿರುತ್ತದೆ. ನಮಗೆ ಆರು ವಾರ ಹಿಡಿಯಿತು. ಹತ್ತರಲ್ಲಿ ಒಂದು ಪಾಲು ಬೆರೆಸಿ, ಅವಳು ಒಪ್ಪಿದ ಮೇಲಷ್ಟೇ ಎರಡಕ್ಕೆ ಹೋದೆ. ಮುಖ ತಿರುಗಿಸಿದ ದಿನ ಒಂದು ಹೆಜ್ಜೆ ಹಿಂದೆ ಬಂದೆ. ವಾರಕ್ಕೊಮ್ಮೆ ತೂಕ ನೋಡಿದೆ. ರುಚಿಗೆಂದು ಸಾರು ಬೆರೆಸುವವರು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದನ್ನೇ ಬೆರೆಸಬೇಕು, ಅವೆರಡೂ ಬೆಕ್ಕಿಗೆ ವಿಷ.

ನಿಮ್ಮ ಬೆಕ್ಕು ಇಡೀ ಒಂದು ದಿನ ಏನೂ ತಿನ್ನದಿದ್ದರೆ ಹೊಸದನ್ನು ಪಕ್ಕಕ್ಕಿಟ್ಟು ಹಳೆಯದನ್ನೇ ಕೊಡಿ. ಅದನ್ನೂ ಮೂಸದಿದ್ದರೆ ಮರುದಿನಕ್ಕೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.