ಮಾತ್ರೆಯ ಹೊತ್ತು ತಪ್ಪಬಾರದು

ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ನಿಮ್ಮ ಲೇಖನ ಓದಿದೆ. ಶುರುವಿನ ನಡುಕ, ವ್ಯಾಯಾಮದ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಹಾಸಿಗೆ ಹಿಡಿದವರ ಆರೈಕೆಗೆ ಎರಡೇ ಸಾಲು. ಮನೆಯವರು ಜಾಸ್ತಿ ಒದ್ದಾಡುವುದು ಅಲ್ಲೇ ಅಲ್ವಾ?

ನಮ್ಮ ಅತ್ತೆಗೆ ನುಂಗುವುದೇ ಕಷ್ಟವಾಗಿತ್ತು. ನೀರು, ಕಾಫಿಯಂಥ ತೆಳುವಾದದ್ದೇ ಬೇಗ ನೆತ್ತಿಗೇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಈ ಕಾಯಿಲೆಯವರ ಸಾವಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಅವರನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಬಗ್ಗಿಸಿ, ಗಟ್ಟಿ ರಾಗಿ ಗಂಜಿಯನ್ನು ಚಿಕ್ಕ ಚಮಚದಲ್ಲಿ ಕೊಡುತ್ತಿದ್ದೆವು. ಒಂದು ಗುಟುಕು ಗಂಟಲಲ್ಲಿ ಇಳಿದದ್ದು ಕಂಡ ಮೇಲೇ ಇನ್ನೊಂದು. ಊಟವಾದ ತಕ್ಷಣ ಮಲಗಿಸುತ್ತಿರಲಿಲ್ಲ.

ಇನ್ನು ಮಾತ್ರೆಯ ಹೊತ್ತು. ಈ ಕಾಯಿಲೆಗೆ ಕೊಡುವ ಮುಖ್ಯ ಮಾತ್ರೆ ಲೆವೊಡೋಪಾ, ಅದು ತಡವಾದರೆ ಮೈಯೆಲ್ಲ ಬಿಗಿದು ಮಗ್ಗುಲು ಬದಲಿಸಲೂ ಆಗುವುದಿಲ್ಲ. ಜ್ವರಕ್ಕೆಂದು ಆಸ್ಪತ್ರೆಗೆ ಸೇರಿಸಿದಾಗ, ವಾರ್ಡಿನಲ್ಲಿ ಮಾತ್ರೆ ಕೊಡುವ ಸಮಯದ ತನಕ ಕಾಯಿರಿ ಎಂದರು. ಅಷ್ಟರಲ್ಲಿ ಅತ್ತೆಗೆ ಬಾಯಿ ತೆರೆಯಲೂ ಆಗಲಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಭ್ರಮೆಗೆ ಕೊಡುವ ಹ್ಯಾಲೋಪೆರಿಡಾಲ್ ಈ ಕಾಯಿಲೆಯವರಿಗೆ ಆಗಿಬರುವುದಿಲ್ಲ. ಮೈ ಆಡಿಸಲು ಮಿದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಇವರಲ್ಲಿ ಮೊದಲೇ ಕಡಿಮೆ, ಈ ಔಷಧಿಗಳು ಅದರ ಕೆಲಸವನ್ನೇ ತಡೆಯುತ್ತವೆ. ಇದನ್ನೂ ಮಾತ್ರೆಯ ಸಮಯವನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿ. ಲೆವೊಡೋಪಾ ತಟ್ಟನೆ ನಿಲ್ಲಿಸುವುದಂತೂ ಬೇಡವೇ ಬೇಡ, ಜೀವಕ್ಕೇ ಅಪಾಯ.

ರಾತ್ರಿ ಹೊತ್ತು ಅತ್ತೆಗೆ ಮೂಲೆಯಲ್ಲಿ ಮಕ್ಕಳು ಕೂತಂತೆ ಕಾಣುತ್ತಿತ್ತು. ವಾದ ಮಾಡದೆ, ಲೈಟ್ ಹಾಕಿ ಕೈ ಹಿಡಿದು ಕೂರುತ್ತಿದ್ದೆ. ಸಮಾಧಾನವಾಗುತ್ತಿದ್ದರು. ಇಂಥದ್ದು ಒಮ್ಮೆಗೇ ಜಾಸ್ತಿಯಾದರೆ ವೈದ್ಯರಿಗೆ ಹೇಳಿ, ಕೆಲವು ಸಲ ಮೂತ್ರದ ಸೋಂಕು ಕಾರಣವಾಗಿರುತ್ತದೆ.

ದಯವಿಟ್ಟು ಈ ಹಂತದ ಬಗ್ಗೆಯೇ ಇನ್ನೊಂದು ಲೇಖನ ಬರೆಯಿರಿ. ನೋಡಿಕೊಳ್ಳುವವರ ನಿದ್ದೆಯ ಬಗ್ಗೆಯೂ ಬರೆಯಿರಿ.