ಸತ್ಯಾಂಶ: ಉನ್ಜೆನ್‌ನ ಹೋಟೆಲ್‌ಗಳನ್ನು ಕೆಡವಿ ಉದ್ಯಾನ ಮಾಡಿದರೇ?

‘ಜಪಾನಿನ ಬಿಸಿನೀರ ಬುಗ್ಗೆಗಳ ಊರು ಉನ್ಜೆನ್‌ನಲ್ಲಿ ಹೋಟೆಲ್‌ಗಳನ್ನೆಲ್ಲ ಕೆಡವಿ, ಜನರನ್ನು ಒಕ್ಕಲೆಬ್ಬಿಸಿ ರಾಷ್ಟ್ರೀಯ ಉದ್ಯಾನ ಮಾಡಿದರು’ ಎಂಬ ಫಾರ್ವರ್ಡ್ ನಿಜವಲ್ಲ.

ಪ್ರವಾಸಿಗರಿಂದಲೇ ಉದ್ಯಾನ ಹುಟ್ಟಿತು ಎನ್ನಬಹುದು. ಶಾಂಘೈ, ಹಾಂಗ್‌ಕಾಂಗ್‌ಗಳ ಸೆಕೆ ತಾಳಲಾರದ ಯುರೋಪಿಯನ್ನರು ಬೇಸಿಗೆ ಕಳೆಯಲು ಈ ತಂಪು ಬೆಟ್ಟಕ್ಕೆ ಬರುತ್ತಿದ್ದರು. ನಾಗಾಸಾಕಿ ಪ್ರಾಂತ್ಯ 1911ರಲ್ಲೇ ಇದನ್ನು ಪ್ರಾಂತೀಯ ಉದ್ಯಾನವಾಗಿಸಿತು. 1913ರಲ್ಲಿ ಗಾಲ್ಫ್ ಮೈದಾನವೂ ಬಂತು. 1934ರ ಮಾರ್ಚ್‌ನಲ್ಲಿ ಘೋಷಣೆಯಾದ ಜಪಾನಿನ ಮೊದಲ ಮೂರು ರಾಷ್ಟ್ರೀಯ ಉದ್ಯಾನಗಳಲ್ಲಿ ಉನ್ಜೆನ್ ಒಂದು. ಕೆಡವುವುದಿರಲಿ, ಮರುವರ್ಷವೇ ಅಲ್ಲಿ ದೊಡ್ಡದೊಂದು ಹೊಸ ಹೋಟೆಲ್ ತೆರೆಯಿತು, ಈಗಲೂ ನಡೆಯುತ್ತಿದೆ. ಹೋಟೆಲ್‌ಗಳ ಪಕ್ಕದಲ್ಲೇ ನೆಲದ ಬಿರುಕುಗಳಿಂದ ಗಂಧಕದ ವಾಸನೆಯ ಹಬೆ ಏಳುತ್ತದೆ, ಅದರಲ್ಲಿ ಬೇಯಿಸಿದ ಮೊಟ್ಟೆಯನ್ನು ಮಾರುತ್ತಾರೆ.

ಜಪಾನಿನ ಪದ್ಧತಿಯೇ ಹಾಗೆ. ಉದ್ಯಾನದ ಗಡಿಯೊಳಗೆ ಖಾಸಗಿ ಜಮೀನು, ಊರು, ಹೊಲ ಎಲ್ಲವೂ ಇರಬಹುದು. ಸರ್ಕಾರ ಜಾಗವನ್ನೆಲ್ಲ ಕೊಳ್ಳುವುದಿಲ್ಲ. ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಕಟ್ಟಬಹುದು, ಯಾವ ಮರ ಕಡಿಯಬಾರದು ಎಂದು ನಿಯಂತ್ರಿಸುತ್ತದೆ.