ಸತ್ಯಾಂಶ: ಭಾರದ ಗೇರ್‌ನಲ್ಲಿ ತುಳಿದರೆ ಮಾತ್ರ ವ್ಯಾಯಾಮವೇ?

‘ಸೈಕಲ್ಲನ್ನು ಸದಾ ಭಾರದ ಗೇರ್‌ನಲ್ಲೇ ತುಳಿಯಿರಿ, ಹಗುರ ಗೇರ್‌ನಲ್ಲಿ ಕಾಲು ಸುಮ್ಮನೆ ತಿರುಗುತ್ತದೆ, ಕೊಬ್ಬು ಕರಗುವುದಿಲ್ಲ’ ಎಂಬ ಸಂದೇಶವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದೆ. ಇದು ನಿಜವಲ್ಲ. ನಂಬಿ ಹಾಗೆಯೇ ತುಳಿಯುವವರ ಮಂಡಿಯ ಬಗ್ಗೆ ನನಗೆ ಕಳವಳವಿದೆ.

ಗೇರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಕಾಲಿನ ಬಲವನ್ನು ಗಾಲಿಗೆ ಹೇಗೆ ಹಂಚಬೇಕೆಂದು ನಿರ್ಧರಿಸುತ್ತದೆ, ಅಷ್ಟೇ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 48 ಹಲ್ಲು, ಹಿಂದಿನದರಲ್ಲಿ 12 ಹಲ್ಲು ಇವೆ ಎನ್ನಿ; ಇದು ಭಾರದ ಗೇರ್. ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಗಾಲಿ 4 ಸುತ್ತು ತಿರುಗುತ್ತದೆ. ಚೈನು ಹಿಂದಿನ 24 ಹಲ್ಲಿನ ಚಕ್ರಕ್ಕೆ, ಅಂದರೆ ಹಗುರ ಗೇರ್‌ಗೆ, ಸರಿದರೆ 2 ಸುತ್ತು ಮಾತ್ರ; ಆದರೆ ಅದೇ ಏರಿನಲ್ಲಿ ಪೆಡಲಿನ ಮೇಲೆ ಹಾಕಬೇಕಾದ ಒತ್ತಡವೂ ಅರ್ಧಕ್ಕಿಳಿಯುತ್ತದೆ. ಒಂದೇ ಏರನ್ನು ಒಂದೇ ವೇಗದಲ್ಲಿ ಹತ್ತಿದರೆ ರಸ್ತೆ ಕೇಳುವ ಶ್ರಮ ಎರಡರಲ್ಲೂ ಒಂದೇ. ಭಾರದ ಗೇರ್‌ನಲ್ಲಿ ಆ ಶ್ರಮ ಕೆಲವೇ ತುಳಿತಗಳಲ್ಲಿ ಮಂಡಿಯ ಮೇಲೆ ಬೀಳುತ್ತದೆ. ಹಗುರ ಗೇರ್‌ನಲ್ಲಿ ಹಲವು ತುಳಿತಗಳಿಗೆ ಹಂಚಿಹೋಗುತ್ತದೆ. ಪಳಗಿದ ಸವಾರರು ಸಮತಟ್ಟು ರಸ್ತೆಯಲ್ಲಿ ನಿಮಿಷಕ್ಕೆ ಸುಮಾರು 80ರಿಂದ 90 ಸುತ್ತು ತುಳಿಯುವುದು ಇದೇ ಕಾರಣಕ್ಕೆ. ಹೊಸಬರಿಗೆ 60–70 ಕೂಡ ಸಾಕು.

ಇನ್ನೊಂದು ಮಾತು. ಏರು ಕಾಲಿಗೆ ತಗಲುವ ಮೊದಲೇ ಗೇರ್ ಇಳಿಸಿ, ಅಂದರೆ ಹಗುರ ಗೇರ್‌ಗೆ ಬನ್ನಿ. ಪೆಡಲ್ ತಿರುಗುತ್ತಲೇ ಇರಲಿ, ಒತ್ತಡ ಮಾತ್ರ ಅರೆಕ್ಷಣ ಸಡಿಲಾಗಲಿ. ಚೈನು ಸದ್ದಿಲ್ಲದೆ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹತ್ತುತ್ತದೆ. ಏರಿನ ನಡುವೆ ಬಲವಾಗಿ ಒತ್ತುತ್ತಲೇ ಬದಲಿಸಿದರೆ ಕೇಳಿಸುವ ‘ಕಟಕಟ’ ಸದ್ದು ಹಲ್ಲುಗಳ ಮೇಲೆ ಚೈನು ಜಾರುತ್ತಿರುವುದರದ್ದು.